ಸಕ್ಕರೆ ಹೂವು ನಡೆದು ಬಂದ ದಾರಿ

ಹುಟ್ಟುಹಬ್ಬವಿರಲಿ, ಆರತಕ್ಷತೆಯಿರಲಿ, ಈಗ ನಮ್ಮ ಮನೆಗಳಲ್ಲೂ ಕೇಕ್ ಇಲ್ಲದೆ ಸಮಾರಂಭ ಮುಗಿಯುವುದಿಲ್ಲ. ಕೇಕಿನ ಡಬ್ಬ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅದರ ಮೇಲೆ ಕುಳಿತ ಗುಲಾಬಿಯ ಕಡೆಗೆ. "ಇದು ನಿಜವಾದ ಹೂವಾ?" ಎಂದು ಮಕ್ಕಳು ಮುಟ್ಟಿ ನೋಡುತ್ತಾರೆ. "ಪ್ಲಾಸ್ಟಿಕ್ ಇರಬೇಕು, ತೆಗೆದಿಡಿ" ಎಂದು ಹಿರಿಯರು ಎಚ್ಚರಿಸುತ್ತಾರೆ. ಎರಡೂ ಅಲ್ಲ, ಅದು ಬರೀ ಸಕ್ಕರೆ ಎಂದು ಗೊತ್ತಾದಾಗ ಬರುವ ಮಾತು ಒಂದೇ: "ಫಾರಿನ್ನವರ ಕಲೆ ನೋಡಿ, ಎಷ್ಟು ಚೆಂದ!"

ಆ ಮಾತು ಅರ್ಧ ಮಾತ್ರ ನಿಜ. ಕೇಕ್ ಹೊರಗಿನಿಂದ ಬಂದದ್ದು, ಒಪ್ಪೋಣ. ಆದರೆ ಸಕ್ಕರೆಗೆ ಆಕಾರ ಕೊಡುವ ಕಲೆ ನಮಗೆ ಹೊಸದಲ್ಲ. ಸಂಕ್ರಾಂತಿಗೆ ಎಳ್ಳು ಬೀರುವಾಗ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇಟ್ಟು ಕೊಡುವ ನಾವು ಇದನ್ನು ಎಂದೋ ಬಲ್ಲೆವು. ಅಷ್ಟೇ ಅಲ್ಲ, ಸಕ್ಕರೆ ಎಂಬ ಪದಾರ್ಥ, ಅದರ ಹೆಸರು, ಅದನ್ನು ಮಾಡುವ ವಿದ್ಯೆ ಮೂರೂ ಜಗತ್ತಿಗೆ ಹೋದದ್ದು ನಮ್ಮ ನೆಲದಿಂದಲೇ. ಹೋದದ್ದು ಎಲ್ಲೆಲ್ಲಿ ಸುತ್ತಿ, ಯಾರ ಯಾರ ಕೈ ದಾಟಿ, ಗುಲಾಬಿಯಾಗಿ ನಮ್ಮ ಮೇಜಿಗೆ ಮರಳಿತು ಎಂಬುದು ಒಂದು ಸ್ವಾರಸ್ಯಕರ ಕಥೆ. ಅದರಲ್ಲಿ ಸಿಹಿಯೂ ಇದೆ, ಕಹಿಯೂ ಇದೆ. ದಾರಿಯುದ್ದಕ್ಕೂ ದುಡಿದ ಕೈಗಳಲ್ಲಿ ಹೆಂಗಸರ ಕೈಗಳು ಬಹಳ. ಉಳಿದ ಹೆಸರುಗಳಲ್ಲಿ ಹೆಂಗಸರ ಹೆಸರು ಕಡಿಮೆ. ಮಹಿಳಾ ವೇದಿಕೆಯ ಈ ಸಂಚಿಕೆಗೆ ಇದಕ್ಕಿಂತ ಹೊಂದುವ ವಿಷಯ ನನಗೆ ತೋಚಲಿಲ್ಲ.

ಹೂವಿನೊಳಗೆ ಏನಿದೆ?

ಇತಿಹಾಸಕ್ಕೆ ಮೊದಲು ಸ್ವಲ್ಪ ಅಡುಗೆಮನೆಯ ವಿಜ್ಞಾನ. ನುಣ್ಣಗೆ ಪುಡಿ ಮಾಡಿದ ಸಕ್ಕರೆಗೆ ಸ್ವಲ್ಪ ಅಂಟು ಮತ್ತು ಸ್ವಲ್ಪ ನೀರಿನಂಶ ಸೇರಿಸಿ ನಾದಿದರೆ ಹೋಳಿಗೆಯ ಕಣಕದಂತೆ ಎಳೆದರೆ ಬರುವ, ಒತ್ತಿದರೆ ನಿಲ್ಲುವ ಒಂದು ಮುದ್ದೆ ಸಿಗುತ್ತದೆ. ಇದೇ ಶುಗರ್ ಪೇಸ್ಟ್. ನಾನು ಇದನ್ನು ಸಕ್ಕರೆ ಕಣಕ ಎಂದೇ ಕರೆಯುತ್ತೇನೆ. ಇದಕ್ಕೆ ಗ್ಲಿಸರಿನ್ ಮತ್ತು ಗ್ಲೂಕೋಸ್ ಸೇರಿಸಿದರೆ ಮೆತ್ತಗೆ ಉಳಿದು ಕೇಕಿಗೆ ಹೊದಿಸಲು ಒದಗುತ್ತದೆ, ಅದು ಫಾಂಡೆಂಟ್. ಅಂಟಿನ ಪಾಲು ಹೆಚ್ಚಿಸಿದರೆ ಹಪ್ಪಳಕ್ಕಿಂತ ತೆಳ್ಳಗೆ ಲಟ್ಟಿಸಬಹುದು, ಒಣಗಿದ ಮೇಲೆ ಪಿಂಗಾಣಿಯಂತೆ ಗಟ್ಟಿಯಾಗುತ್ತದೆ. ಹೂವಿಗೆ ಬೇಕಾದದ್ದು ಅದು.

ನಮ್ಮ ಸಕ್ಕರೆ ಅಚ್ಚಿನ ಲೆಕ್ಕಾಚಾರ ಬೇರೆ. ಅಲ್ಲಿ ಅಂಟಿನ ಹಂಗಿಲ್ಲ. ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ, ಅಂಚು ಬೆಳ್ಳಗಾಗುವವರೆಗೆ ತಿರುವುತ್ತಾರೆ. ತಿರುವಿದಾಗ ಪಾಕದಲ್ಲಿ ಲಕ್ಷಾಂತರ ಸಣ್ಣ ಹರಳುಗಳು ಒಟ್ಟಿಗೆ ಹುಟ್ಟುತ್ತವೆ. ಆ ಕ್ಷಣದಲ್ಲೇ ನೀರಿನಲ್ಲಿ ನೆನೆಸಿ ಬಿಗಿದು ಕಟ್ಟಿದ ಮರದ ಅಚ್ಚಿಗೆ ಹೊಯ್ಯಬೇಕು. ಒಂದು ನಿಮಿಷ ಮೊದಲಾದರೆ ಅಂಟಂಟು, ಒಂದು ನಿಮಿಷ ತಡವಾದರೆ ಪಾತ್ರೆಯಲ್ಲೇ ಕಲ್ಲು. ಥರ್ಮಾಮೀಟರ್ ಇಲ್ಲದೆ, ಸೌಟಿನ ಭಾರದಿಂದಲೇ ಹದ ಹೇಳುತ್ತಿದ್ದ ನಮ್ಮ ಅಜ್ಜಿಯಂದಿರು ಈ ಹರಳು ಕಟ್ಟುವ ಶಾಸ್ತ್ರವನ್ನು ಯಾವ ಪುಸ್ತಕವೂ ಇಲ್ಲದೆ ತಿಳಿದಿದ್ದರು. ಪಾಕ ಹರಳುಗಟ್ಟಿ ನಿಲ್ಲುವುದು ಒಂದು ದಾರಿ, ಪುಡಿಗೆ ಅಂಟು ಸೇರಿ ನಿಲ್ಲುವುದು ಇನ್ನೊಂದು ದಾರಿ. ಜಗತ್ತಿನ ಸಕ್ಕರೆ ಬೊಂಬೆಗಳೆಲ್ಲ ಹೆಚ್ಚುಕಡಿಮೆ ಈ ಎರಡು ದಾರಿಯಲ್ಲೇ ಬಂದಿವೆ.

ಒಂದು ಪದದ ಪ್ರವಾಸ

ಕಬ್ಬು ಮೊದಲು ಕೃಷಿಗೆ ಬಂದದ್ದು ನ್ಯೂಗಿನಿ ದ್ವೀಪದಲ್ಲಿ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಆದರೆ ಅದರ ರಸವನ್ನು ಕಾಯಿಸಿ ಹರಳು ಮಾಡಿ, ವರ್ಷಗಟ್ಟಲೆ ಇಟ್ಟುಕೊಳ್ಳುವ, ಊರಿಂದೂರಿಗೆ ಸಾಗಿಸುವ ಸರಕಾಗಿ ಮಾಡಿದ್ದು ಭಾರತ. ಅಲೆಕ್ಸಾಂಡರನ ಜೊತೆ ಬಂದ ಗ್ರೀಕರು ಜೇನುನೊಣವಿಲ್ಲದೆ ಜೇನು ಕೊಡುವ ಜೊಂಡು ಇಲ್ಲಿ ಬೆಳೆಯುತ್ತದೆ ಎಂದು ಬೆರಗಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನಿಂದ ಬರುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತವೆಂದರೆ ಹೆಚ್ಚುಕಡಿಮೆ ನಮ್ಮ ಜೋನಿ ಬೆಲ್ಲ. ಕ್ರಿ.ಶ. 647ರಲ್ಲಿ ಚೀನಾದ ಟಾಂಗ್ ಚಕ್ರವರ್ತಿ ತೈಜಾಂಗ್ ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನರನ್ನು ಕಳುಹಿಸಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ತಂತ್ರಜ್ಞಾನ ವರ್ಗಾವಣೆ.

ಪಶ್ಚಿಮಕ್ಕೆ ಹೋದ ಪದಗಳ ಜಾಡು ಇನ್ನೂ ಚೆಂದ. ಶರ್ಕರಾ ಪರ್ಷಿಯಾದಲ್ಲಿ ಶಕರ್ ಆಯಿತು, ಅರಬ್ಬರಲ್ಲಿ ಸುಕ್ಕರ್ ಆಯಿತು, ಇಂಗ್ಲಿಷಿನಲ್ಲಿ ಶುಗರ್ ಆಯಿತು. ಖಂಡ ಅರಬ್ಬಿಯಲ್ಲಿ ಕಂದ್ ಆಗಿ ಕೊನೆಗೆ ಮಕ್ಕಳು ಚೀಪುವ ಕ್ಯಾಂಡಿ ಆಯಿತು. ಎಲ್ಲಕ್ಕಿಂತ ದೂರ ನಡೆದದ್ದು ಫಾಣಿತ. ಅದು ಪರ್ಷಿಯನ್ನರ ಪಾನೀದ್, ಅರಬ್ಬರ ಫಾನೀದ್, ಸ್ಪೇನಿನವರ ಆಲ್ಫೆನೀಕೆ. ಅಷ್ಟು ಹೊತ್ತಿಗೆ ಅರ್ಥವೂ ಬದಲಾಗಿ, ಎಳೆದು ಆಕಾರ ಕೊಡುವ ಬಿಳಿ ಸಕ್ಕರೆ ಮುದ್ದೆಗೆ ಆ ಹೆಸರು ನಿಂತಿತು. ಸ್ಪೇನಿನವರ ಜೊತೆ ಅದು ಸಾಗರ ದಾಟಿ ಮೆಕ್ಸಿಕೊ ಸೇರಿತು. ಇಂದಿಗೂ ಅಲ್ಲಿನ ತೊಲೂಕ ನಗರದಲ್ಲಿ ಪಿತೃಗಳ ಹಬ್ಬಕ್ಕೆ ಮೊದಲು ಆಲ್ಫೆನೀಕೆ ಜಾತ್ರೆ ನಡೆಯುತ್ತದೆ. ಸಕ್ಕರೆಯ ತಲೆಬುರುಡೆ, ಕುರಿಮರಿ, ಹಣ್ಣುಗಳನ್ನು ಸಾಲಾಗಿ ಜೋಡಿಸಿ ಮಾರುತ್ತಾರೆ. ಬಣ್ಣಬಣ್ಣದ ಆ ಬುರುಡೆಗಳ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅವುಗಳ ಹೆಸರಿನೊಳಗೆ ಒಂದು ಸಂಸ್ಕೃತ ಪದ ಅಡಗಿ ಕುಳಿತಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಸುಲ್ತಾನರ ಸಕ್ಕರೆ ಮರಗಳು

ಸಕ್ಕರೆಯನ್ನು ಶಿಲ್ಪವಾಗಿ ಬೆಳೆಸಿದ ಕೀರ್ತಿ ಮಾತ್ರ ಅರಬ್ ಮತ್ತು ತುರ್ಕಿ ಆಸ್ಥಾನಗಳಿಗೆ ಸಲ್ಲಬೇಕು. 1047ರಲ್ಲಿ ಕೈರೋ ತಲುಪಿದ ಪರ್ಷಿಯನ್ ಪ್ರವಾಸಿ ನಾಸಿರ್ ಖುಸ್ರೋ ತನ್ನ ಪ್ರವಾಸ ಕಥನದಲ್ಲಿ ರಂಜಾನ್ ಮುಗಿಯುವ ಹಬ್ಬದ ಅರಮನೆ ಔತಣವನ್ನು ಬಣ್ಣಿಸುತ್ತಾನೆ. ಅಲ್ಲಿ ಅವನು ಕಂಡದ್ದು ಕೊಂಬೆ, ಎಲೆ, ಹಣ್ಣು ಎಲ್ಲವೂ ಸಕ್ಕರೆಯಿಂದಲೇ ಆದ ಒಂದು ಕಿತ್ತಳೆ ಮರ. ಸುತ್ತ ಸಾವಿರಾರು ಸಕ್ಕರೆ ಬೊಂಬೆಗಳು. ಈಜಿಪ್ಟಿನಲ್ಲಿ ಪ್ರವಾದಿ ಮಹಮ್ಮದರ ಜನ್ಮದಿನಕ್ಕೆ ಸಕ್ಕರೆಯ ಮದುಮಗಳ ಬೊಂಬೆ, ಕುದುರೆ ಸವಾರ ಬೊಂಬೆಗಳನ್ನು ಮಕ್ಕಳಿಗೆ ಕೊಡುವ ಪದ್ಧತಿ ಇಂದಿಗೂ ಇದೆ. ಮರದ ಅಚ್ಚಿಗೆ ಬಿಸಿ ಪಾಕ ಹೊಯ್ದು ಅವನ್ನು ಮಾಡುತ್ತಾರೆ. ನಮ್ಮ ಆನೆ, ಗಿಳಿ, ಬೃಂದಾವನದ ಅಚ್ಚುಗಳನ್ನು ಅವರ ಮುಂದಿಟ್ಟರೆ ಅವರಿಗೆ ಏನನ್ನೂ ವಿವರಿಸಬೇಕಾಗಿಲ್ಲ.

1582ರಲ್ಲಿ ಒಟ್ಟೊಮನ್ ಸುಲ್ತಾನ ಮೂರನೇ ಮುರಾದ್ ತನ್ನ ಮಗನ ಸುನ್ನತಿಯ ಸಂಭ್ರಮವನ್ನು ಇಸ್ತಾಂಬುಲ್‌ನಲ್ಲಿ 50ಕ್ಕೂ ಹೆಚ್ಚು ದಿನ ನಡೆಸಿದ. ಆ ಮೆರವಣಿಗೆಯಲ್ಲಿ ಸಕ್ಕರೆಯಿಂದ ಮಾಡಿದ ಪ್ರಾಣಿ ಪಕ್ಷಿಗಳನ್ನು ಹೊತ್ತು ಸಾಗುವವರ ದೃಶ್ಯ ಅರಮನೆಯ ಚಿತ್ರಸಂಪುಟದಲ್ಲಿ ಇಂದಿಗೂ ಉಳಿದಿದೆ. ಆಗ ಸಕ್ಕರೆ ಬಲು ದುಬಾರಿ. ಇಷ್ಟು ದುಬಾರಿ ವಸ್ತುವನ್ನು ಬರೀ ನೋಡುವುದಕ್ಕಾಗಿ ಕೆತ್ತಿಸಬಲ್ಲೆ ಎಂದು ತೋರಿಸುವುದೇ ರಾಜರಿಗೆ ಬೇಕಾದದ್ದು.

ಔಷಧಿ ಅಂಗಡಿಯ ಅಂಟು

ಯುರೋಪಿಗೆ ಸಕ್ಕರೆ ಬಂದಾಗ ಅದು ಔಷಧಿ ಅಂಗಡಿಯ ಕಪಾಟಿನಲ್ಲಿತ್ತು. ಕಣಕಕ್ಕೆ ಬೇಕಾದ ಅಂಟೂ ಅಲ್ಲೇ ಇತ್ತು. ಇರಾನ್ ಮತ್ತು ತುರ್ಕಿಯ ಒಣ ಗುಡ್ಡಗಳಲ್ಲಿ ಬೆಳೆಯುವ ಒಂದು ಮುಳ್ಳುಪೊದೆಯಿಂದ ಒಸರುವ ಟ್ರಾಗಕಾಂತ್ ಎಂಬ ಅಂಟು ಅದು. ಮಾತ್ರೆ ಕಟ್ಟಲು ವೈದ್ಯರು ಬಳಸುತ್ತಿದ್ದರು. ದೆಹಲಿ, ಮುಂಬಯಿಯ ಕಿರಾಣಿ ಅಂಗಡಿಗಳಲ್ಲಿ ಬೇಸಿಗೆ ಶರಬತ್ತಿಗೆಂದು ಸಿಗುವ ಗೋಂದ್ ಕತೀರಾ ಇದೇ ಬಗೆಯದು.

1555ರಲ್ಲಿ ಇಟಲಿಯಲ್ಲಿ ಅಲೆಸ್ಸಿಯೊ ಪೀಮೊಂತೇಸೆ ಎಂಬ ಹೆಸರಿನಲ್ಲಿ ಅಚ್ಚಾದ ಗುಟ್ಟುಗಳ ಪುಸ್ತಕವೊಂದು ಈ ಕಣಕದ ವಿಧಾನವನ್ನು ಹೊರಗೆಡಹಿತು. ಅಂಟನ್ನು ಗುಲಾಬಿ ನೀರಿನಲ್ಲಿ ನೆನೆಸಿ, ನಿಂಬೆರಸ ಮತ್ತು ಮೊಟ್ಟೆಯ ಬಿಳಿಭಾಗ ಕೂಡಿಸಿ, ನುಣುಪಾದ ಸಕ್ಕರೆ ಪುಡಿ ಹಾಕಿ ಕಲ್ಲಿನ ಒರಳಿನಲ್ಲಿ ಅರೆಯುವುದು. ಅದರಿಂದ ತಟ್ಟೆ, ಲೋಟ, ಬಟ್ಟಲು ಮಾಡಿ ಮೇಜಿನ ಮೇಲಿಟ್ಟು, ಊಟವಾದ ಮೇಲೆ ತಟ್ಟೆಯನ್ನೇ ತಿಂದು ಮುಗಿಸಬಹುದು ಎನ್ನುತ್ತದೆ ಪುಸ್ತಕ. ಬಾಳೆಲೆ ಊಟದ ನಮಗೆ ಪಾತ್ರೆ ತೊಳೆಯದ ಸುಖ ಗೊತ್ತು, ಆದರೆ ಎಲೆಯನ್ನೇ ತಿನ್ನುವ ಯೋಚನೆ ನಮಗೂ ಬಂದಿರಲಿಲ್ಲ!

ಹತ್ತೊಂಬತ್ತು ವರ್ಷದ ನಂತರ, 1574ರಲ್ಲಿ, ಫ್ರಾನ್ಸಿನ ಮೂರನೇ ಹೆನ್ರಿ ವೆನಿಸ್‌ಗೆ ಭೇಟಿ ಕೊಟ್ಟ. ಅವನ ಮುಂದಿಟ್ಟ ಮೇಜಿನಲ್ಲಿ ಪಾತ್ರೆ, ಬ್ರೆಡ್ಡು, ಕರವಸ್ತ್ರ ಎಲ್ಲವೂ ಸಕ್ಕರೆ. ಕರವಸ್ತ್ರ ಎತ್ತಿಕೊಂಡಾಗ ಅದು ಕೈಯಲ್ಲೇ ಮುರಿಯಿತಂತೆ. ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ, 1527ರಲ್ಲಿ, ಕಾರ್ಡಿನಲ್ ವುಲ್ಸಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಫ್ರೆಂಚ್ ರಾಯಭಾರಿಗಳಿಗೆ ಔತಣ ಕೊಟ್ಟಾಗ ಸಕ್ಕರೆಯ ಚದುರಂಗದ ಹಾಸು, ಕಾಯಿಗಳು ಬಂದಿದ್ದವು. ಈ ಕಥೆಗಳಲ್ಲಿ ಔತಣ ಕೊಟ್ಟವರ ಹೆಸರಿದೆ, ಉಂಡವರ ಹೆಸರಿದೆ. ಆ ಆನೆ ಕುದುರೆಗಳನ್ನು ತಿದ್ದಿದವರ ಹೆಸರಿಲ್ಲ.

ಅಡುಗೆಮನೆಯಿಂದ ಅಂಗಡಿಗೆ

ಮುಂದಿನ ನೂರು ವರ್ಷದಲ್ಲಿ ಈ ಕಲೆ ಅರಮನೆಯಿಂದ ಶ್ರೀಮಂತ ಗೃಹಿಣಿಯರ ಮನೆಗೆ ಇಳಿಯಿತು. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹ್ಯೂ ಪ್ಲಾಟ್ ಎಂಬವನು ಹೆಂಗಸರಿಗೆಂದೇ ಬರೆದ ಪುಟ್ಟ ಕೈಪಿಡಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಸಕ್ಕರೆಯಲ್ಲಿ ಮೊಲ, ಪಾರಿವಾಳ ಎರಕ ಹೊಯ್ಯುವುದು ಹೇಗೆಂದು ಅದರಲ್ಲಿದೆ. ಮನೆಯೊಡತಿಯ ಕೈಕೆಳಗೆ ಔಷಧಿ, ಪನ್ನೀರು, ಮುರಬ್ಬ, ಸಕ್ಕರೆ ಕೆಲಸಕ್ಕೆಂದೇ ಒಂದು ಕೋಣೆ ಇರುತ್ತಿತ್ತು. ಆಗ ಸಕ್ಕರೆ ಬರುತ್ತಿದ್ದದ್ದು ಶಂಕುವಿನಾಕಾರದ ಗಟ್ಟಿ ಅಚ್ಚಾಗಿ. ಇಕ್ಕಳದಿಂದ ಮುರಿದು, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕಿತ್ತು. ಮೊಟ್ಟೆಯ ಬಿಳಿಯನ್ನು ಗಂಟೆಗಟ್ಟಲೆ ಕೈಯಲ್ಲೇ ಕಡೆಯಬೇಕಿತ್ತು. ಕಡೆದವರು ಆ ಮನೆಯ ಕೆಲಸದ ಹೆಣ್ಣುಮಕ್ಕಳು.

ಅಂಥದೇ ಕೆಲಸದಿಂದ ಬಂದು ಹೆಸರು ಉಳಿಸಿಕೊಂಡ ಒಬ್ಬಳ ಕಥೆ ನನಗೆ ಬಹಳ ಇಷ್ಟ. ಎಲಿಜಬೆತ್ ರಾಫಾಲ್ಡ್, ಹುಟ್ಟಿದ್ದು 1733ರಲ್ಲಿ. ಆರ್ಲಿ ಹಾಲ್ ಎಂಬ ಸಿರಿವಂತರ ಬಂಗಲೆಯಲ್ಲಿ ಮನೆವಾರ್ತೆಯ ಮೇಲ್ವಿಚಾರಕಿ. ಮದುವೆಯಾದ ಮೇಲೆ ಮ್ಯಾಂಚೆಸ್ಟರ್‌ಗೆ ಬಂದು ತಿಂಡಿ ತಿನಿಸಿನ ಅಂಗಡಿ ತೆರೆದಳು. 1769ರಲ್ಲಿ ತನ್ನ ಅನುಭವದ ಪಾಕಪುಸ್ತಕ ಪ್ರಕಟಿಸಿದಳು. ಮದುವೆ ಕೇಕಿಗೆ ಮೊದಲು ಬಾದಾಮಿ ಹೊದಿಕೆ, ಅದರ ಮೇಲೆ ಬಿಳಿ ಸಕ್ಕರೆ ಹೊದಿಕೆ ಎಂಬ ಜೋಡಿಯನ್ನು ಮುದ್ರಣದಲ್ಲಿ ಕೊಟ್ಟ ಮೊದಲಿಗಳೆಂದು ಅವಳನ್ನು ಗುರುತಿಸುತ್ತಾರೆ. ನಕಲು ಪ್ರತಿಗಳ ಕಾಟ ತಡೆಯಲು ಪುಸ್ತಕದ ಮೊದಲ ಅಧ್ಯಾಯದ ಪುಟದಲ್ಲಿ ತಾನೇ ಸಹಿ ಹಾಕುತ್ತಿದ್ದಳು. ಆ ಕಾಲದ ಡಿಜಿಟಲ್ ಸಿಗ್ನೇಚರ್! 1772ರಲ್ಲಿ ಮ್ಯಾಂಚೆಸ್ಟರ್ ನಗರದ ಮೊದಲ ವ್ಯಾಪಾರಿ ಡೈರೆಕ್ಟರಿ ತಂದವಳೂ ಇವಳೇ. ಮರುವರ್ಷ ಪಾಕಪುಸ್ತಕದ ಹಕ್ಕನ್ನು 1,400 ಪೌಂಡಿಗೆ ಮಾರಿದಳು, ಆಗಿನ ಕಾಲಕ್ಕೆ ದೊಡ್ಡ ಗಂಟು. ತನ್ನ ಕೈಕೆಲಸಕ್ಕೆ ಬೆಲೆ ಕಟ್ಟಲು ಹಿಂಜರಿಯದ ಹೆಣ್ಣು ಅವಳು.

ಬಿಳಿ ಸಕ್ಕರೆಯ ಕಪ್ಪು ನೆರಳು

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ರಾಜರಷ್ಟೇ ಮುಟ್ಟಬಲ್ಲ ಸಕ್ಕರೆ ಮ್ಯಾಂಚೆಸ್ಟರಿನ ಅಂಗಡಿಗೆ ಇಷ್ಟು ಅಗ್ಗವಾಗಿ ಬಂದದ್ದು ಹೇಗೆ? ಉತ್ತರ ಕೆರಿಬಿಯನ್ ದ್ವೀಪಗಳ ಮತ್ತು ಬ್ರೆಜಿಲ್‌ನ ಕಬ್ಬಿನ ತೋಟಗಳಲ್ಲಿದೆ. ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಹಿಡಿದು ಹಡಗೇರಿಸಲಾಯಿತು. ಅವರಲ್ಲಿ ಬಹುಪಾಲು ಜನ ಇಳಿದದ್ದು ಈ ಎರಡು ಕಡೆ. ಹೆಂಗಸರೂ ಗಂಡಸರ ಸರಿಸಮನಾಗಿ ಕಬ್ಬು ನೆಟ್ಟರು, ಕಡಿದರು, ಗಾಣಕ್ಕೆ ಕೊಟ್ಟರು, ರಾತ್ರಿಯಿಡೀ ಕೊಪ್ಪರಿಗೆಗಳ ಮುಂದೆ ಬೆಂದರು. ಕೇಕಿನ ಮೇಲಿನ ಬಿಳುಪಿಗೆ ತೆತ್ತ ಬೆಲೆ ಅದು.

ಇದನ್ನು ಮೊದಲು ಅಡುಗೆಮನೆಯ ಪ್ರಶ್ನೆಯಾಗಿ ಎತ್ತಿಕೊಂಡವರೂ ಹೆಂಗಸರೇ. 1791ರಲ್ಲಿ ವಿಲಿಯಂ ಫಾಕ್ಸ್ ಎಂಬವನ ಕಿರುಪುಸ್ತಿಕೆ ಒಂದು ಲೆಕ್ಕ ಮುಂದಿಟ್ಟಿತು: ವಾರಕ್ಕೆ 5 ಪೌಂಡ್ ಸಕ್ಕರೆ ಬಳಸುವ ಕುಟುಂಬ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ಅಥವಾ ಸಾಯುವುದು ತಪ್ಪುತ್ತದೆ. ಮತದಾನದ ಹಕ್ಕಿಲ್ಲದ ಹೆಂಗಸರಿಗೆ ಈ ಲೆಕ್ಕ ನೇರವಾಗಿ ತಟ್ಟಿತು. ಸಂಸತ್ತು ಅವರ ಕೈಯಲ್ಲಿರಲಿಲ್ಲ, ಸಕ್ಕರೆ ಡಬ್ಬಿ ಇತ್ತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಹೋರಾಟಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. 1824ರಲ್ಲಿ ಲೆಸ್ಟರ್ ನಗರದ ಎಲಿಜಬೆತ್ ಹೆಯ್ರಿಕ್, ಗುಲಾಮಗಿರಿ ನಿಧಾನವಾಗಿ ಅಲ್ಲ, ಈಗಿಂದೀಗಲೇ ಹೋಗಬೇಕು ಎಂದು ಪುಸ್ತಿಕೆ ಬರೆದಳು. ಮನೆ ಮನೆಗೆ ಹೋಗಿ ಸಕ್ಕರೆ ಬಿಡಿಸಿದಳು. ಮುಂದಿನ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಹೆಂಗಸರದೇ ಸಂಘ ಶುರುವಾಯಿತು. ಒಂದು ಮಹಿಳಾ ವೇದಿಕೆ ಏನು ಮಾಡಬಲ್ಲದು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಬಂತು.

ಆ ದಿನಗಳ ಸಕ್ಕರೆ ಬಟ್ಟಲುಗಳ ಮೇಲೆ, ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ ಎಂಬರ್ಥದ ಬರಹ ಬಂಗಾರದ ಅಕ್ಷರದಲ್ಲಿರುತ್ತಿತ್ತು. ಅಂದರೆ ನಮ್ಮ ಕಡೆಯ ಸಕ್ಕರೆ. ಆದರೆ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಗುಲಾಮರು ಬಿಡುಗಡೆಯಾದ ಮೇಲೆ ಖಾಲಿಯಾದ ತೋಟಗಳಿಗೆ ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋದವರು ನಮ್ಮವರೇ. 1834ರಿಂದ ಮಾರಿಷಸ್‌ಗೆ, 1860ರಿಂದ ಮದರಾಸು, ಕಲ್ಕತ್ತ ಬಂದರುಗಳ ಮೂಲಕ ದಕ್ಷಿಣ ಆಫ್ರಿಕಾದ ನಾಟಾಲ್‌ಗೆ, 1879ರಿಂದ ಫಿಜಿಗೆ. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂಬ ನಿಯಮದಡಿ ಹೆಣ್ಣುಮಕ್ಕಳೂ ಹಡಗೇರಿದರು. ಶರ್ಕರಾ ಎಂಬ ಪದ ಹುಟ್ಟಿದ ನಾಡಿನ ಜನ ಬೇರೆಯವರ ತೋಟದಲ್ಲಿ ಕಬ್ಬು ಕಡಿದರು.

ರಾಣಿಯ ಕೇಕ್, ರಟ್ಟಿನ ಕೇಕ್

1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕ್ ಸುಮಾರು 300 ಪೌಂಡ್ ತೂಗುತ್ತಿತ್ತು. ಅದರ ಮೇಲೆ ವಧೂವರರನ್ನು ಹರಸುವ ಬ್ರಿಟಾನಿಯಾ ದೇವಿ ನಿಂತಿದ್ದಳು. ಇಂಥ ಚಿತ್ರಗಳು ಪತ್ರಿಕೆಗಳಲ್ಲಿ ಬಂದಂತೆ ಮಧ್ಯಮ ವರ್ಗಕ್ಕೂ ಮೇಲಂತಸ್ತಿನ ಬಿಳಿ ಕೇಕಿನ ಆಸೆ ಹತ್ತಿತು. ಎರಡನೇ ಮಹಾಯುದ್ಧ ಬಂದಾಗ ಆಸೆಗೆ ಕತ್ತರಿ ಬಿತ್ತು. 1940ರಲ್ಲಿ ಬ್ರಿಟನ್ ಸಕ್ಕರೆಗೆ ರೇಷನ್ ತಂದಿತು, ಕೇಕಿಗೆ ಸಕ್ಕರೆ ಹೊದಿಸುವುದನ್ನೇ ನಿಷೇಧಿಸಿತು. ಆಗ ಬೇಕರಿಗಳು ರಟ್ಟಿನ ಮೂರಂತಸ್ತಿನ ಬಿಳಿ ಕವಚಗಳನ್ನು ಬಾಡಿಗೆಗೆ ಕೊಡತೊಡಗಿದವು. ಫೋಟೋಗೆ ಕವಚ, ತಿನ್ನಲು ಅದರಡಿಯಲ್ಲಿ ಬಡ ಹಣ್ಣಿನ ಕೇಕಿನ ಒಂದು ತುಂಡು. ಸಕ್ಕರೆ ರೇಷನ್ ಮುಗಿದದ್ದು 1953ರಲ್ಲಿ. ಹೊಟ್ಟೆಗಿಲ್ಲದಿದ್ದರೂ ಕಣ್ಣಿಗಾದರೂ ಸಂಭ್ರಮ ಇರಲಿ ಎಂಬುದು ಮನುಷ್ಯ ಸ್ವಭಾವ. ನಮ್ಮಲ್ಲೂ ಬಡತನದ ವರ್ಷಗಳಲ್ಲಿ ಎಳ್ಳಿನ ಜೊತೆ ಒಂದೇ ಒಂದು ಅಚ್ಚು ಇಟ್ಟು ಬೀರಿದ ಮನೆಗಳಿದ್ದವು.

ಇತ್ತ ನಮ್ಮ ಮನೆಗಳಲ್ಲಿ

ಇಷ್ಟೆಲ್ಲ ಹೊರಗೆ ನಡೆಯುವಾಗ ನಮ್ಮ ಹೆಂಗಸರು ತಮ್ಮ ಕೆಲಸ ತಾವು ಮಾಡಿಕೊಂಡೇ ಬಂದರು. ಹಳೆ ಮೈಸೂರು ಕಡೆ ಸಕ್ಕರೆ ಅಚ್ಚು. ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳು. ಅಗಲ ಬಾಣಲೆಯಲ್ಲಿ ಎಳ್ಳು ಹಾಕಿ, ಸಣ್ಣ ಉರಿಯಲ್ಲಿ ಚಮಚ ಚಮಚವೇ ತೆಳು ಪಾಕ ಬಿಡುತ್ತಾ, ಬೆರಳಿನಿಂದ ಆಡಿಸುತ್ತಾ ಹೋದರೆ ಪ್ರತಿ ಕಾಳಿನ ಮೈಮೇಲೂ ಸಕ್ಕರೆಯ ಸಣ್ಣ ಸಣ್ಣ ಮುಳ್ಳು ಏಳುತ್ತದೆ. ಗಂಟೆಗಳ, ಕೆಲವೊಮ್ಮೆ ದಿನಗಳ ತಾಳ್ಮೆ ಬೇಕು. ಜನವರಿಯ ಚಳಿಯೂ ಬೇಕು. ಹೋಳಿ, ಯುಗಾದಿಗೆ ಮಕ್ಕಳ ಕೊರಳಿಗೆ ಸಕ್ಕರೆ ಸರ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಈ ಮುಳ್ಳಿನ ಕಾಳುಗಳನ್ನೇ ದಾರಕ್ಕೆ ಪೋಣಿಸಿ, ಅಂಟಿಸಿ ಹಾರ, ಬಳೆ, ಬಾಜೂಬಂದ್ ಮಾಡುತ್ತಾರೆ. ಹಲ್ವಾ ದಾಗಿನೆ ಎಂದು ಅದರ ಹೆಸರು. ಮೊದಲ ಸಂಕ್ರಾಂತಿಯ ಸೊಸೆಗೆ ಕಪ್ಪು ಸೀರೆಯ ಮೇಲೆ, ಬೋರನ್ಹಾಣದ ಮಗುವಿಗೆ ಕಿರೀಟವಾಗಿ ತೊಡಿಸುತ್ತಾರೆ. ನಾವು ಮಗುವಿಗೆ ಎಲಚಿ ಹಣ್ಣು ಎರೆಯುವ ಶಾಸ್ತ್ರಕ್ಕೆ ಅದು ಒಡಹುಟ್ಟು. ಪುಣೆ, ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈಗ ಅಚ್ಚು, ಕುಸುರೆಳ್ಳು, ಹಲ್ವಾ ದಾಗಿನೆ ಮೂರೂ ಒಂದೇ ತಟ್ಟೆಯಲ್ಲಿ ಕೂಡಿವೆ.

ನಾವು ಕಡಿಯುವ ಕಬ್ಬಿನ ಹಿಂದೆಯೂ ಒಬ್ಬ ಹೆಣ್ಣಿದ್ದಾಳೆ. ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಇ.ಕೆ. ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1934ರಿಂದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ದುಡಿದವರು. ಕಬ್ಬನ್ನು ಅದರ ಕಾಡು ಬಂಧುಗಳ ಜೊತೆ, ಜೋಳದಂಥ ಬೇರೆ ಹುಲ್ಲುಗಳ ಜೊತೆ ಸಂಕರ ಮಾಡಿ ಅದರ ವಂಶವಾಹಿಗಳನ್ನು ಅಭ್ಯಾಸ ಮಾಡಿದರು. 1977ರಲ್ಲಿ ಪದ್ಮಶ್ರೀ ಬಂತು. ಮಂಡ್ಯವನ್ನು ಸಕ್ಕರೆ ನಾಡು ಎಂದು ಹೆಮ್ಮೆಯಿಂದ ಹೇಳುವ ನಾವು ಈ ಹೆಸರನ್ನೂ ನೆನಪಿಡಬೇಕು.

ಕಹಿ ಇನ್ನೂ ಮುಗಿದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮರಾಠವಾಡಾದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ದಂಪತಿಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿಯ ಕಡೆಗೂ ಬರುತ್ತಾರೆ. ಒಂದು ದಿನ ಕೆಲಸ ತಪ್ಪಿದರೂ ದಂಡ ಬೀಳುತ್ತದೆಂಬ ಭಯಕ್ಕೆ, ಮುಟ್ಟಿನ ತೊಂದರೆಯೇ ಬೇಡವೆಂದು ಅಲ್ಲಿನ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ಹೊರಬಿತ್ತು. ಸರ್ಕಾರ ಸಮಿತಿ ನೇಮಿಸಿತು. ಸಮೀಕ್ಷೆ ಮಾಡಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಎಲಿಜಬೆತ್ ಹೆಯ್ರಿಕ್ ಇಂದು ಇದ್ದಿದ್ದರೆ ಯಾರ ಬಾಗಿಲು ತಟ್ಟುತ್ತಿದ್ದಳು ಎಂದು ಯೋಚಿಸಿದರೆ ನನಗೆ ನಮ್ಮದೇ ಬಾಗಿಲು ಕಾಣುತ್ತದೆ.

ಇಂದಿನ ಕೈಗಳು

ಕೇಕ್ ಕಲೆ ನಮ್ಮಲ್ಲಿ ಬೇರೂರಿದೆ. ಬೆಂಗಳೂರಿನಲ್ಲಿ ಡಿಸೆಂಬರ್ ಬಂತೆಂದರೆ ಕೇಕ್ ಪ್ರದರ್ಶನ. ಸಕ್ಕರೆಯಲ್ಲಿ ಕಟ್ಟಿದ ಆಳೆತ್ತರದ ಗೋಪುರ, ಅರಮನೆಗಳನ್ನು ನೋಡಲು ದಶಕಗಳಿಂದ ಜನ ಸಾಲುಗಟ್ಟುತ್ತಾರೆ. ಪುಣೆಯ ಪ್ರಾಚಿ ಧಬಲ್ ದೇಬ್ ಮೊಟ್ಟೆಯಿಲ್ಲದ ರಾಯಲ್ ಐಸಿಂಗ್‌ನಲ್ಲಿ ಮಿಲಾನ್ ಚರ್ಚಿನ ಮಾದರಿಯಲ್ಲಿ 100 ಕಿಲೋ ತೂಕದ ಕೃತಿ ಕಟ್ಟಿ ದೇಶವಿದೇಶಗಳಲ್ಲಿ ಹೆಸರಾದರು. ಮೊಟ್ಟೆಯಿಲ್ಲದ ಕಣಕ ಎಂಬುದು ನಮ್ಮ ಕಡೆಯವರ ಅಗತ್ಯದಿಂದ ಬೆಳೆದದ್ದು. ಟ್ರಾಗಕಾಂತ್ ಜಾಗಕ್ಕೆ ಈಗ ಸಸ್ಯದ ನಾರಿನಿಂದ ತಯಾರಾಗುವ ಸಿ.ಎಂ.ಸಿ. ಪುಡಿ ಬಂದಿದೆ, ಅಂಗಡಿಯಲ್ಲಿ ಟೈಲೋಸ್ ಎಂದು ಸಿಗುತ್ತದೆ. ಅಂಗಡಿಯ ಸಿದ್ಧ ಫಾಂಡೆಂಟ್‌ನಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಮೂಲದ್ದು. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿಕೊಳ್ಳಬೇಕು. ಮುಂಬಯಿಯ ಜುಲೈ, ಚೆನ್ನೈನ ನವೆಂಬರ್ ಮಾತ್ರ ಸಕ್ಕರೆ ಹೂವಿನ ವೈರಿಗಳು. ಗಾಳಿಯ ತೇವ ಹೀರಿ ಎಸಳು ಬಾಗಿಬಿಡುತ್ತದೆ.

ಒಂದು ಗುಲಾಬಿ ಹೇಗಾಗುತ್ತದೆ ನೋಡಿ. ತಂತಿಯ ತುದಿಗೆ ಮೊಗ್ಗಿನಾಕಾರದ ಉಂಡೆ ಸಿಕ್ಕಿಸಿ ಒಂದು ದಿನ ಒಣಗಿಸಬೇಕು. ಬೆಳಕು ಕಾಣುವಷ್ಟು ತೆಳ್ಳಗೆ ಲಟ್ಟಿಸಿದ ಹಾಳೆಯಿಂದ ಎಸಳು ಕತ್ತರಿಸಿ, ಗುಂಡು ತುದಿಯ ಕಡ್ಡಿಯಿಂದ ಅಂಚನ್ನು ಉಜ್ಜಿ ಸುರುಳಿ ಬರಿಸಬೇಕು. ಮೊದಲ ಸುತ್ತು, ಎರಡನೇ ಸುತ್ತು, ಮೂರನೇ ಸುತ್ತು. ನಡುನಡುವೆ ಒಣಗಲು ಬಿಡಬೇಕು. ಕೊನೆಗೆ ಕುಂಚದಲ್ಲಿ ಬಣ್ಣದ ಪುಡಿ ಸವರಬೇಕು. ಹದಿನೈದು ಎಸಳಿನ ಒಂದು ಹೂವಿಗೆ ಎರಡು ಮೂರು ದಿನ. ಕಂಪ್ಯೂಟರ್ ಮುಂದೆ ಕುಳಿತು ದುಡಿಯುವ ನನಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಎಣಿಸುವುದು ಅಭ್ಯಾಸ. ಆ ಲೆಕ್ಕ ಹಾಕಿದರೆ ಮನೆಯಲ್ಲೇ ಕೇಕ್ ಮಾಡಿ ಕೊಡುವ ನಮ್ಮ ಗೆಳತಿಯರು ಕೇಳುವ ಬೆಲೆ ಏನೇನೂ ಅಲ್ಲ. ಆದರೂ "ಮನೇಲೇ ಮಾಡ್ತೀರಲ್ಲ ಅಕ್ಕಾ, ಇಷ್ಟೊಂದು ಯಾಕೆ?" ಎಂದು ಚೌಕಾಸಿ ಮಾಡುವವರು ನಾವೇ. ಹೋಟೆಲಿನ ಬಿಲ್ಲಿಗೆ ಮರುಮಾತಾಡದವರೂ ನಾವೇ.

ಹಾಗಾಗಿ ನಮ್ಮ ವೇದಿಕೆಯ ಮುಂದೆ ಎರಡು ಸಣ್ಣ ಸಲಹೆ ಇಡುತ್ತೇನೆ. ಮೊದಲನೆಯದು, ಸಂಘದ ಸಮಾರಂಭಕ್ಕೆ ಕೇಕ್ ಬಂದಾಗ ಅದನ್ನು ಮಾಡಿದವರ ಹೆಸರನ್ನು ವೇದಿಕೆಯಲ್ಲಿ ಹೇಳೋಣ, ಕೇಳಿದ ಬೆಲೆ ಕೊಡೋಣ. ಎರಡನೆಯದು, ಮುಂದಿನ ಸಂಕ್ರಾಂತಿಗೆ ನಮ್ಮ ಹಿರಿಯ ಸದಸ್ಯೆಯರ ಅಟ್ಟದಲ್ಲಿರುವ ಮರದ ಅಚ್ಚುಗಳನ್ನು ಕೆಳಗಿಳಿಸೋಣ. ಯಾವ ಆಕಾರ, ಯಾವ ಊರಿನದು, ಯಾರ ತವರಿನಿಂದ ಬಂದದ್ದು, ಪಾಕದ ಹದ ಹೇಗೆ ನೋಡುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಫೋಟೋ ಸಮೇತ ಬರೆದಿಡೋಣ. ವುಲ್ಸಿಯ ಚದುರಂಗ ತಿದ್ದಿದವರ ಹೆಸರು ಇನ್ನು ಸಿಗುವುದಿಲ್ಲ. ನಮ್ಮ ಅಜ್ಜಿ, ಅತ್ತೆಯಂದಿರ ಹೆಸರು ಇನ್ನೂ ಸಿಗುತ್ತದೆ, ಕೇಳಿದರೆ.

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ. ಆ ಒಳ್ಳೆಯ ಮಾತಿನಲ್ಲಿ ಒಂದು, ಅಚ್ಚು ಹೊಯ್ದವರಿಗೂ ಕಬ್ಬು ಕಡಿದವರಿಗೂ ಮೀಸಲಿರಲಿ.